ಹೋಲಿಕೆಯ ಸಾಲು

ಆ ನಾಡಿನಲ್ಲಿ ಸರ್ಕಾರದ ಯಾವ ಯೋಜನೆಯನ್ನಾದರೂ ಮೊದಲು ಓಣಿಯ ಒಂದು ಸಾಲಿಗೆ ಮಾತ್ರ ಕೊಟ್ಟು ನೋಡುತ್ತಿದ್ದರು. ಎದುರು ಸಾಲನ್ನು ಹೋಲಿಕೆಗೆಂದು ಹಾಗೆಯೇ ಬಿಡುತ್ತಿದ್ದರು. ಶಾಂತವೀರಯ್ಯನವರ ಮನೆ ಹೋಲಿಕೆಯ ಸಾಲಿನಲ್ಲಿತ್ತು. ಈ ಸಲದ ಯೋಜನೆಯಂತೆ ಎದುರಿನ ಮನೆಗಳಿಗೆ ದಿನವೂ ಬರುವ ನರ್ಸಮ್ಮ ಈ ಕಡೆಯ ಹೊಸ್ತಿಲು ತುಳಿಯುವಂತಿರಲಿಲ್ಲ. ಹೋದ ತಿಂಗಳು ಅವರ ಹೆಂಡತಿ ಗುರುಸಿದ್ಧವ್ವ ಜ್ವರದಲ್ಲಿ ತೀರಿಕೊಂಡಾಗ, ನರ್ಸಮ್ಮ ಎದುರಿನ ಕಟ್ಟೆಯ ಮೇಲೆ ಕುಳಿತು ಅತ್ತಿದ್ದಳು.

ಇಂದು ಅವರು ಪೂಜೆ ಮುಗಿಸಿ ಕುಳಿತಿರುವಾಗ ಎರಡೂ ಸಾಲಿನವರ ಆರೋಗ್ಯ ಕೇಳಿ ಬರೆದುಕೊಳ್ಳುವ ಸಂಶೋಧನೆಯ ಹುಡುಗಿ ಸುನಂದಾ ಬಂದಳು.

"ಕಡೀ ಸಲ ಕೇಳಾಕ ಬಂದೀನ್ರಿ ಅಜ್ಜಾರ. ಹೆಂಗದೀರಿ?"

"ಶಿವನ ದಯಾ. ಚಲೋ ಅದೀನವ್ವ."

ಅವಳು ಬರೆದುಕೊಳ್ಳಲಿಲ್ಲ. "ಎರಡೂ ಸಾಲಿನವ್ರು ಇದೊಂದ ಮಾತ ಹೇಳ್ತೀರಿ. ಹಿಂಗಾದ್ರ ನರ್ಸಮ್ಮನಿಂದ ಏನೂ ಫರಕ ಆಗಿಲ್ಲ ಅಂತ ಯೋಜನೆ ನಿಲ್ಲಸ್ತಾರ್ರಿ. ಮುಂದ ಯಾ ಊರಿಗೂ ಸಿಗಂಗಿಲ್ಲ."

"ನಮ್ಮಾಕಿ ಸತ್ತದ್ದು ಲೆಕ್ಕಕ್ಕಿಲ್ಲೇನು?"

"ಇದ್ದವರ ಮಾತಷ್ಟ ಲೆಕ್ಕಕ್ಕ ಹಿಡೀತಾರ್ರಿ. ಅಮ್ಮಾರು ತೀರಿಕೊಳ್ಳೂ ಹಿಂದಿನ ದಿನಾನೂ ಚಲೋ ಅದೀನಿ ಅಂತನ ಹೇಳಿದ್ರು."

ದೇವರು ಇಟ್ಟ ಹಾಗೆ ಇರಬೇಕು, ಗೊಣಗಬಾರದು ಎಂದು ಗಂಡಹೆಂಡಿರಿಬ್ಬರೂ ಬದುಕಿದ್ದರು. ಶಾಂತವೀರಯ್ಯನವರ ಮೈಯಲ್ಲಿ ಈಗ ಆ ನಿಷ್ಠೆಯನ್ನು ಹೊರುವ ಶಕ್ತಿಯೂ ಉಳಿದಿರಲಿಲ್ಲ. ಅವರು ಎದೆಯ ಮೇಲಿನ ಕರಡಿಗೆಯನ್ನು, ಒಳಗಿನ ಲಿಂಗಕ್ಕೆ ಕೇಳಿಸಬಾರದೆಂಬಂತೆ, ಶಾಲಿನಿಂದ ಮುಚ್ಚಿ ಅಂಗೈಯಿಂದ ಒತ್ತಿ ಹಿಡಿದರು.

"ಚಲೋ ಇಲ್ಲವ್ವ," ಎಂದರು ಮೆಲ್ಲಗೆ. "ಆಕಿ ಹೋದಾಗಿಂದ ಒಂದಿನಾನೂ ಚಲೋ ಇಲ್ಲ. ಬರಕೋ."