ಎರಡೂವರೆ ಬೆರಳು

ಟವೆಲ್ಲಿನ ಕೆಳಗೆ ರಘೂತ್ತಮನೂ ಎರಡೂವರೆ ಬೆರಳೇ ಹಿಡಿದಾಗ ಸಂಘದ ಅಧ್ಯಕ್ಷ ಖಂಡೆಪ್ಪನಿಗೆ ಸಂಶಯ ಬಂತು. ಹತ್ತು ನಿಮಿಷದ ಹಿಂದೆ ಇದೇ ಟವೆಲ್ಲಿನ ಕೆಳಗೆ ಮಜರ್ ಹಿಡಿದು ಹೋಗಿದ್ದೂ ಎರಡೂವರೆಯೇ. ಕಮಲಾಪುರದ ತೊಗರಿ ಬೆಳೆಗಾರರ ಸಂಘದಲ್ಲಿ ಸರಕು ಮಾರುವ ಈ ಪದ್ಧತಿ ಖಂಡೆಪ್ಪನ ಅಪ್ಪನ ಕಾಲದ್ದು. ಖರೀದಿದಾರರು ಒಬ್ಬೊಬ್ಬರಾಗಿ ಗೋದಾಮಿನೊಳಗೆ ಬಂದು, ಅಧ್ಯಕ್ಷನ ಕೈಮೇಲೆ ಟವೆಲ್ ಹೊದಿಸಿ, ಬಾಯಿ ಬಿಡದೆ ಬೆರಳು ಹಿಡಿದು ದರ ಹೇಳಬೇಕು. ಒಂದು ಬೆರಳೆಂದರೆ ಪೇಟೆ ದರದ ಮೇಲೆ ಕ್ವಿಂಟಲಿಗೆ ನೂರು ರೂಪಾಯಿ, ಅರ್ಧ ಬೆರಳೆಂದರೆ ಐವತ್ತು. ಒಬ್ಬ ಹೇಳಿದ್ದು ಇನ್ನೊಬ್ಬನಿಗೆ ಗೊತ್ತಾಗಬಾರದು, ಅದಕ್ಕೇ ಈ ಮುಚ್ಚುಮರೆ.

ಮಜರ್ ಒಂದು ದೊಡ್ಡ ಬೇಳೆ ಕಂಪನಿಯ ಖರೀದಿದಾರ, ರಘೂತ್ತಮ ಇನ್ನೊಂದರವನು. ಕಲಬುರಗಿಯ ಸೇಡಂ ರಸ್ತೆಯಲ್ಲಿ ಇಬ್ಬರ ಆಫೀಸೂ ಎದುರುಬದುರು. ಹನ್ನೆರಡು ವರ್ಷ ಇಬ್ಬರೂ ಹಾವು ಮುಂಗುಸಿಯ ಹಾಗಿದ್ದರು. ಆ ಜಿದ್ದಿನ ಮೇಲೆಯೇ ಸಂಘದ ಎಂಟುನೂರು ಮನೆಯ ಒಲೆ ಉರಿದಿತ್ತು ಅಂದರೂ ಸುಳ್ಳಲ್ಲ. ಈಗ ಆ ಎರಡೂ ಕಂಪನಿ ಒಂದಾಗಲು ಹೊರಟಿವೆ. ಆಗಲಿಕ್ಕೆ ಬಿಡಬೇಕೋ ಬೇಡವೋ ಅಂತ ಸರ್ಕಾರದ ಆಯೋಗ ಕೇಳುತ್ತಿದೆ. ನಾಳೆ ಕಲಬುರಗಿಯಲ್ಲಿ ವಿಚಾರಣೆ, ಸಂಘದ ಉತ್ತರ ಅಲ್ಲಿ ಕೊಡಬೇಕು.

"ಒಂದಾದ್ರೂ ಖರೀದಿ ಬ್ಯಾರೆ ಬ್ಯಾರೇನೇ ಇರ್ತದಂತ ಕಂಪನಿಯವರು ಬರಕೊಟ್ಟಾರ, ಕಾಕಾ," ಎಂದಳು ವಿದ್ಯಾವತಿ. ಅವಳು ಖಂಡೆಪ್ಪನ ಅಣ್ಣನ ಮಗಳು, ಸಂಘದ ಕಾರ್ಯದರ್ಶಿ. ಆಯೋಗದ ಫಾರ್ಮು ಅವಳ ಕೈಯಲ್ಲೇ ಇತ್ತು. "ಸರ್ಕಾರ ಅದರ ಮ್ಯಾಲ ಕಣ್ಣಿಡ್ತದಂತ."

"ಕಣ್ಣು ದಿಲ್ಲ್ಯಾಗ, ತೊಗರಿ ಕಮಲಾಪುರದಾಗ," ಎಂದ ಖಂಡೆಪ್ಪ. "ಇಬ್ಬರೂ ಒಂದೇ ಬೆರಳು ಹಿಡದಾರ, ವಿದ್ಯಾ."

"ಇಬ್ಬರ ಮೊಬೈಲಿನ್ಯಾಗೂ ಒಂದೇ ರೇಟು ಬರ್ತದ. ಸುಮ್ಮಸುಮ್ಮನ ಸಂಶೇ ಮಾಡಬ್ಯಾಡ್ರಿ."

ಅದೂ ಖರೆಯೇ ಇರಬಹುದು. ಖಂಡೆಪ್ಪ ಬಾಗಿಲಿಗೆ ಬಂದು ಹಣಿಕಿ ನೋಡಿದ. ಮಜರ್ ಬೇವಿನ ಗಿಡದ ಕೆಳಗೆ, ರಘೂತ್ತಮ ಅಷ್ಟು ದೂರ ತನ್ನ ಜೀಪಿನ ಹತ್ತಿರ. ಒಬ್ಬರ ಕಡೆಗೊಬ್ಬರು ಬೆನ್ನು ತಿರುಗಿಸಿ ನಿಂತಿದ್ದರು, ಇಬ್ಬರ ಕೈಯಲ್ಲೂ ಮೊಬೈಲು. ಮೊದಲಾಗಿದ್ದರೆ ಆ ಬೆನ್ನು ನೋಡಿ ಅವನು ಖುಷಿಪಡುತ್ತಿದ್ದ. ಇವತ್ತು ಆ ಬೆನ್ನಿನ ಮೇಲೂ ನಂಬಿಕೆ ಬರಲಿಲ್ಲ. ಮಜರನನ್ನು ಒಳಗೆ ಕರೆದು ದನಿ ತಗ್ಗಿಸಿದ.

"ಮಜರಭಾಯ್, ನಿಮಗಷ್ಟ ಹೇಳ್ತೀನಿ. ಹಿಂದ ಗ್ವಾಡಿ ಕಡಿ ಸಾಲಿನ ಚೀಲಕ್ಕ ನೀರು ತಾಕ್ಯಾದ. ಯಾರ ಮುಂದೂ ಆಡಬ್ಯಾಡ್ರಿ."

ಹಸಿ ಸುಳ್ಳು. ಆ ಸಾಲಿನದು ಖಂಡೆಪ್ಪನ ಸ್ವಂತ ಹೊಲದ ತೊಗರಿ, ಹಲ್ಲಿಗಿಟ್ಟರೆ ಕಟ್ ಅನ್ನುವಷ್ಟು ಒಣಗಿತ್ತು. ಬೆಳೆದ ಕೈಯಿಂದಲೇ ಬೆಳೆಯ ಹೆಸರು ಕೆಡಿಸಿದೆನಲ್ಲ ಎಂದು ಅವನಿಗೆ ಸಂಕಟವಾಯಿತು. ಮಜರ್ "ಆಡಂಗಿಲ್ರಿ, ಕಾಕಾ" ಅಂದು, ಟವೆಲ್ಲಿನ ಕೆಳಗೆ ಒಂದೂವರೆಗೆ ಇಳಿಸಿ ಹೊರಗೆ ಹೋದ. ಖಂಡೆಪ್ಪ ಒಂದು ಕಪ್ ಚಹಾ ತರಿಸಿ ಕುಡಿದ. ಆಮೇಲೆ ರಘೂತ್ತಮನನ್ನು ಮತ್ತೆ ಕರೆಸಿದ.

ರಘೂತ್ತಮ ಚೀಲದ ಕಡೆ ತಿರುಗಿಯೂ ನೋಡಲಿಲ್ಲ. ಟವೆಲ್ ಹೊದಿಸಿದ, ಒಂದೂವರೆ ಬೆರಳು ಹಿಡಿದ.

ಖಂಡೆಪ್ಪ ಅವನ ಕೈ ಬಿಡಲಿಲ್ಲ. "ಯಾಕ ಇಳಿಸಿದ್ರಿ, ರಘೂತ್ತಮರಾವ್?"

"ಪೇಟಿ ರೇಟು ಬಿದ್ದದರಿ."

"ಒಂದು ಕಪ್ ಚಾ ಕುಡಿಯೋದ್ರಾಗ?"

ರಘೂತ್ತಮ ಕೈ ಕೊಸರಿಕೊಂಡ. "ನಿಮಗ್ಯಾಕ ಇಷ್ಟು ಸಿಟ್ಟು, ಖಂಡೆಪ್ಪನವರ?" ಎಂದ. "ನೀವೂ ಮೂರು ಊರಿನ ಸಂಘ ಕೂಡಿಸಿ ಒಂದು ಮಾಡೀರಲ್ಲ. ನೀವು ಮಾಡಿದ್ರ ಸಹಕಾರ, ನಾವು ಮಾಡಿದ್ರ ಅನ್ಯಾಯ?"

"ಮಾಡೀವಿ. ಎರಡು ಎಕರೆದವಗೂ ಒಂದೇ ವೋಟು, ನಲವತ್ತು ಎಕರೆದವಗೂ ಒಂದೇ ವೋಟು. ನಾಕನೇ ಊರು ತಾಜಸುಲ್ತಾನಪುರದವರು ಒಲ್ಲೆ ಅಂದ್ರು, ಅವರನ್ನ ಬಿಟ್ಟೀವಿ. ನಿಮ್ಮ ಕಂಪನಿ ಕೂಡೋ ಮುಂದ ನಿಮ್ಮನ್ನ ಯಾರರ ಒಂದು ಮಾತು ಕೇಳ್ಯಾರೇನ್ರಿ?"

ಎರಡು ಆಫೀಸಿಗೆ ಎರಡು ಖರೀದಿದಾರರು ಬೇಕು, ಒಂದಾದರೆ ಒಬ್ಬನೇ ಸಾಕು ಅನ್ನುವುದು ರಘೂತ್ತಮನ ಮುಖದ ಮೇಲೇ ಬರೆದಂತಿತ್ತು. ಖಂಡೆಪ್ಪನಿಗೆ ಪಾಪ ಅನ್ನಿಸಿತು. ಪಾಪ ಅನ್ನಿಸಿದರೂ ಸಿಟ್ಟು ಇಳಿಯಲಿಲ್ಲ. ಅಪ್ಪನ ಕಾಲದಿಂದ ಸಂಘವನ್ನು ಕಾಯ್ದ ಟವೆಲ್ಲೇ ಈಗ ಇವರ ಕಳ್ಳತನವನ್ನು ಮುಚ್ಚಿತ್ತಲ್ಲ.

ಟವೆಲ್ಲನ್ನು ಮೊಳೆಗೆ ತಗುಲಿಹಾಕಿ ಹೊರಗಿನ ಕಟ್ಟೆಗೆ ಬಂದ. ದರ ಕೇಳಿ ಹೋಗೋಣವೆಂದು ಸಂಘದ ಹತ್ತಿಪ್ಪತ್ತು ಸದಸ್ಯರು ಅಲ್ಲಿ ಕೂತಿದ್ದರು. ಮಜರನನ್ನೂ ರಘೂತ್ತಮನನ್ನೂ ಅವರ ನಡುವೆ ಕರೆದು ನಿಲ್ಲಿಸಿದ.

"ಯಾವ ಚೀಲಕ್ಕೂ ನೀರು ತಾಕಿಲ್ಲ. ನಾ ಸುಳ್ಳು ಹೇಳೀನಿ, ಅದೂ ಒಬ್ಬರಿಗಷ್ಟ ಹೇಳೀನಿ. ದರ ಇಳಿಸಿದವರು ಇಬ್ಬರೂ," ಎಂದ. ಆಮೇಲೆ ಬರಿಗೈ ಎರಡನ್ನೂ ಮುಂದೆ ಚಾಚಿದ. "ಈಗ ಮಂದಿ ಮುಂದ ಹಿಡೀರಿ. ಆ ಕೈ ನೀವು, ಈ ಕೈ ಅವರು. ಇಬ್ಬರೂ ಒಮ್ಮೆಲೇ."

ಯಾರ ಕೈಯೂ ಮೇಲೇಳಲಿಲ್ಲ. ಮಜರ್ ರಘೂತ್ತಮನ ಮುಖ ನೋಡಿದ, ರಘೂತ್ತಮ ಮಜರನ ಮುಖ ನೋಡಿದ. ಕಟ್ಟೆಯ ಮೇಲಿದ್ದವರೆಲ್ಲ ಅದನ್ನು ನೋಡಿದರು.

ಬಾಗಿಲಲ್ಲಿ ನಿಂತಿದ್ದ ವಿದ್ಯಾವತಿ ಫಾರ್ಮು ಬಿಚ್ಚಿದಳು. "ಕಾಕಾ, ನಿಮ್ಮ ಮಾಲಿಗೆ ಪೈಪೋಟಿ ಮಾಡೋ ಖರೀದಿದಾರರು ಎಷ್ಟು ಮಂದಿ ಅಂತ ಇಲ್ಲಿ ಕೇಳ್ಯಾರ. ನಾ ಮುಂಜಾನೆ ಇಬ್ಬರು ಅಂತ ಬರದೀನಿ."

ಖಂಡೆಪ್ಪ ಚಾಚಿದ ಕೈ ಹಿಂದೆ ತೆಗೆಯಲಿಲ್ಲ.

"ಇನ್ನೊಮ್ಮೆ ಎಣಿಸಿ ಬರಿ," ಎಂದ.