ಇಂದ್ರಾಬಾಯಿ ಕೊಂಡ ದುರ್ಬೀನು

ಚೋರ್ ಬಜಾರಿನ ಅಬ್ಬಾಸ್‌ಭಾಯಿ ಎರಡು ದುರ್ಬೀನುಗಳನ್ನು ತಂದು ಮೇಜಿನ ಮೇಲಿಟ್ಟ. ಒಂದು ಹಿತ್ತಾಳೆಯದು, ಮಾರುದ್ದದ್ದು, ಮೂರು ಕಾಲಿನ ಸ್ಟ್ಯಾಂಡ್ ಬೇರೆ. ಆಗಷ್ಟೇ ಹುಣಸೆಹಣ್ಣು ಹಚ್ಚಿ ತೊಳೆದಂತೆ ಹೊಳೆಯುತ್ತಿತ್ತು. ಇನ್ನೊಂದು ಮೊಳದಷ್ಟು, ಕರಿಬಣ್ಣ ಎದ್ದುಹೋದದ್ದು, ಯಾವುದೋ ಹಡಗಿನಿಂದ ಇಳಿದು ಬಂದದ್ದು.

“ದೊಡ್ಡದ ತಗೋರಿ ಬಾಯಿ,” ಎಂದ ಜೊತೆಗೆ ಬಂದಿದ್ದ ಭೀಮರಾಯ. “ಮನಷ್ಯಾ ಇಲ್ಲಂತ ಸ್ವಚ್ಛ ಗೊತ್ತಾಗಬೇಕು.”

ಐವತ್ತು ದಾಟಿದ ಇಂದ್ರಾಬಾಯಿಗೆ ದುರ್ಬೀನಿನ ಹುಚ್ಚು ಹಿಡಿಯಲು ಈ ಭೀಮರಾಯನೇ ಕಾರಣ. ಪರೇಲಿನ ಚಾಳೊಂದರಲ್ಲಿ ಅವಳದು ಖಾನಾವಳಿ. ಉಣ್ಣಲು ಬರುವವರು ವಿಜಾಪುರ, ಗುಲಬರ್ಗಾ ಕಡೆಯ ಗಿರಣಿಯ ಜನ. ಜುಲೈಯಲ್ಲಿ ಚಂದ್ರನ ಮೇಲೆ ಮನುಷ್ಯ ಇಳಿದ ಸುದ್ದಿ ಬಂದಾಗ ಭೀಮರಾಯ ಎಲ್ಲ ಸುಳ್ಳು ಎಂದ. ಅವನ ಊರಿನವನೇ ಆದ ಮರೆಪ್ಪ, ಪೇಪರಿನಲ್ಲಿ ಫೋಟೋ ಬಂದಿದೆ ಎಂದ. ಮಾತಿಗೆ ಮಾತು ಬೆಳೆದು, ಹತ್ತು ವರ್ಷ ಒಂದೇ ಸಾಲಿನಲ್ಲಿ ಕೂತು ಉಂಡವರು ಎರಡು ಮೂಲೆ ಹಿಡಿದರು. ಚಂದ್ರನನ್ನೇ ಕೇಳೋಣವೆಂದರೆ ಮುಂಬಯಿಯ ಮಳೆ. ಮಳೆ ನಿಂತು ದೀಪಾವಳಿ ಮುಗಿದರೂ ಇಬ್ಬರೂ ಒಬ್ಬರೊಡನೊಬ್ಬರು ಬಾಯಿ ತೆರೆಯಲಿಲ್ಲ. ಮರೆಪ್ಪ ಬೇರೆ ಖಾನಾವಳಿ ಹುಡುಕುತ್ತಿದ್ದಾನೆಂದು ಕಿವಿಗೆ ಬಿದ್ದ ದಿನ ಇಂದ್ರಾಬಾಯಿ ಸೌಟು ಕೆಳಗಿಟ್ಟು, “ನಾನ ನೋಡಿ ಹೇಳ್ತೀನಿ. ಆಮ್ಯಾಲೆ ಯಾರೂ ಪಿಟಕ್ಕನ್ನಬಾರದು,” ಎಂದಿದ್ದಳು.

ಅವಳಿಗೆ ಓದು ಬಾರದು, ಸಾಮಾನು ಆರಿಸುವುದು ಬರುತ್ತಿತ್ತು. ದೊಡ್ಡ ದುರ್ಬೀನನ್ನು ಸ್ಟ್ಯಾಂಡ್ ಸಮೇತ ಅಂಗಡಿಯ ಬಾಗಿಲಿಗೆ ಎತ್ತಿಸಿದಳು. ಬೀದಿಯ ಆ ತುದಿಯ ಮಿನಾರದ ಮೇಲೆ ಒಂದು ಪಾರಿವಾಳ ಕೂತಿತ್ತು. ದುರ್ಬೀನಿನಲ್ಲಿ ಅದು ಹಂಡೆಯಷ್ಟಾಗಿ ಕಂಡಿತು, ಆದರೆ ಮೈಯ ಅಂಚಿಗೆಲ್ಲ ಕೆಂಪು ನೀಲಿ, ಹೊಗೆಯೊಳಗೆ ಕೂತ ಹಾಗೆ. ಬೀದಿಯಲ್ಲಿ ಒಂದು ಕೈಗಾಡಿ ಹೋದರೆ ಸಾಕು, ಪಾರಿವಾಳಕ್ಕೆ ಚಳಿಜ್ವರ ಬಂದಂತೆ ನಡುಕ. ಚಿಕ್ಕದರಲ್ಲಿ ಅದು ಅಷ್ಟೇನೂ ದೊಡ್ಡದಾಗಲಿಲ್ಲ. ಆದರೆ ಕೊರಳಿನ ಹಸಿರು ಮಿಂಚು ಕಂಡಿತು, ಕಾಲಿನ ಉಗುರುಗಳೂ ಕಂಡವು.

“ಇದನ್ನ ಕೊಡ್ರಿ,” ಎಂದಳು ತನಗೆ ಬರುವ ಹಿಂದಿಯಲ್ಲಿ.

ಅಬ್ಬಾಸ್‌ಭಾಯಿ ಕನ್ನಡಕದ ಮೇಲಿನಿಂದ ಅವಳನ್ನು ನೋಡಿದ. “ಏನು ನೋಡೋದಕ್ಕೆ ಬಾಯಿ?”

“ಚಂದ್ರನ ಮ್ಯಾಲಿನ ಮನಷ್ಯಾನ್ನ.”

ಮುದುಕ ದುರ್ಬೀನನ್ನು ಅವಳ ಕೈಯಿಂದ ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡ. “ಹೋದವರು ವಾಪಸ್ ಬಂದಾಯಿತು, ಈಗ ಅಲ್ಲಿ ಯಾರೂ ಇಲ್ಲ. ಇದ್ದಿದ್ದರೂ ಇದರಲ್ಲಿ ಕಾಣೋದಿಲ್ಲ, ಆ ದೊಡ್ಡದರಲ್ಲೂ ಕಾಣೋದಿಲ್ಲ. ಕಾಣಿಸುತ್ತೆ ಅಂತ ಹೇಳಿ ಮಾರುವವರು ಬೇಕಿದ್ದರೆ ಮುಂದಿನ ಗಲ್ಲಿಯಲ್ಲಿ ಸಿಗುತ್ತಾರೆ.”

“ಕೇಳಿದ್ರಿಲ್ಲೋ? ನಡೀರಿ ಮನೀಗೆ,” ಎಂದು ಭೀಮರಾಯ ಬೀದಿಗೆ ಇಳಿದೇಬಿಟ್ಟ. ಇಂದ್ರಾಬಾಯಿಯೂ ಸೆರಗು ಸರಿಮಾಡಿಕೊಂಡು ಹೊಸ್ತಿಲ ತನಕ ಬಂದಳು. ಬಂದವಳು ನಿಂತಳು. “ಮತ್ತ ಏನು ಕಾಣಸ್ತದ ಅದರಾಗ?”

“ಗುಡ್ಡ. ಹೊಂಡ. ಹುಣ್ಣಿಮೆ ದಿನ ನೋಡಬೇಡಿ, ಬರೀ ಬೆಳ್ಳಗೆ ಇರುತ್ತದೆ. ಚಂದ್ರ ಅರ್ಧವಾಗುವ ಮೊದಲು, ನೆರಳು ಬಿದ್ದಿರುವಾಗ ನೋಡಬೇಕು. ಇವತ್ತೇ ಒಳ್ಳೆಯ ದಿನ. ಕೈಯಲ್ಲಿ ಹಿಡಿಯಬೇಡಿ, ಯಾವುದರ ಮೇಲಾದರೂ ಊರಿ.”

ಅವತ್ತೇ ಹೊತ್ತು ಮುಳುಗಿ ಆಕಾಶದಲ್ಲಿ ಇನ್ನೂ ಬೆಳಕಿರುವಾಗಲೇ ಇಂದ್ರಾಬಾಯಿ ಚಾಳಿನ ಮಾಳಿಗೆಯ ಗೋಡೆಯ ಮೇಲೆ ಅರ್ಧ ತುಂಬಿದ ಅಕ್ಕಿ ಚೀಲ ಇಟ್ಟು, ಅದರ ತಗ್ಗಿನಲ್ಲಿ ಕೊಂಡುತಂದ ಚಿಕ್ಕ ದುರ್ಬೀನು ಹುದುಗಿಸಿ ಕುಕ್ಕರುಗಾಲಲ್ಲಿ ಕೂತಳು. ಭೀಮರಾಯ ಅವಳ ಒಂದು ಬದಿಗೆ, ಮರೆಪ್ಪ ಇನ್ನೊಂದು ಬದಿಗೆ. ಮೊದಲು ಗಿರಣಿಯ ಚಿಮಣಿ ಸಿಕ್ಕಿತು. ಆಮೇಲೆ ಒಂದು ಕಾಗೆ. ಚಂದ್ರ ಸಿಕ್ಕ ಹಾಗೆ ಮಾಡಿ ಮೂರು ಸಲ ಜಾರಿಕೊಂಡ. ನಾಲ್ಕನೆಯ ಸಲ ನಿಂತ.

ಬೆಳಕು ಮುಗಿದು ಕತ್ತಲೆ ಶುರುವಾಗುವ ಗೆರೆಯ ಗುಂಟ ಹೊಂಡಗಳು. ಒಂದೊಂದರ ಅಂಚಿಗೂ ಬಿಸಿಲು, ತಳದಲ್ಲಿ ನೆರಳು. ಅಲ್ಲಿಯೂ ಬಿಸಿಲು ಬೀಳುತ್ತದೆ ಎಂಬುದು ಅವಳಿಗೆ ಈವರೆಗೆ ಹೊಳೆದಿರಲೇ ಇಲ್ಲ. ಗೆರೆಯಿಂದಾಚೆ ಕತ್ತಲೆಯೊಳಗೆ ಒಂದೇ ಒಂದು ಚುಕ್ಕೆ ಬೆಳಗುತ್ತಿತ್ತು. ಯಾವುದೋ ಗುಡ್ಡದ ನೆತ್ತಿಗೆ ಈಗಷ್ಟೇ ಬೆಳಗಾಗಿದೆ.

“ಬಾಯಿ, ಆಮಟಿ ಆರಾಕತ್ತದ್ರಿ,” ಎಂದು ಕೆಳಗಿನಿಂದ ಯಾರೋ ಕೂಗಿದರು.

“ಇವತ್ತ ನೀವ ಬಡಿಸ್ಕೊಳ್ರಿ.” ಆ ಖಾನಾವಳಿಯಲ್ಲಿ ಅಂಥ ಮಾತು ಯಾರೂ ಕೇಳಿರಲಿಲ್ಲ.

“ಮನಷ್ಯಾ ಅದಾನೇನ್ರಿ?” ಭೀಮರಾಯನಿಗೆ ತಾಳಲಾಗಲಿಲ್ಲ.

“ಇಲ್ಲ,” ಎಂದು ಅವಳು ಜಾಗ ಬಿಟ್ಟಳು.

ಗೆದ್ದವನ ಗತ್ತಿನಲ್ಲಿ ಭೀಮರಾಯ ಬಗ್ಗಿದ. ಬಗ್ಗಿದವನು ಏಳಲಿಲ್ಲ. ಮರೆಪ್ಪ ಕಾದ, ಕೆಮ್ಮಿದ, ಕೊನೆಗೆ ಅವನ ಬೆನ್ನಿಗೆ ತಟ್ಟಿದ. “ಏ, ಸರಿಯೋ. ನಂಗೂ ನೋಡಾಕ ಬಿಡು.”

“ತಡಿಯೋ ಮಾರಾಯಾ, ಈ ಹೊಂಡದ ಬುಡಾ ಕಾಣವಲ್ದು.”

“ಹೊಂಡ ಎಲ್ಲಿ ಬಂತು, ಗುಡ್ಡ ಇರಬೇಕು. ಸರಿ ಅಂತೀನಿ.”

ಜುಲೈಯಿಂದ ಈಚೆಗೆ ಇಬ್ಬರೂ ಪರಸ್ಪರ ಆಡಿದ ಮೊದಲ ಮಾತು ಅದು. ಭುಜಕ್ಕೆ ಭುಜ ಒತ್ತಿ, ಒಂದೇ ತೂತಿಗೆ ಇಬ್ಬರೂ ಕಣ್ಣು ತೂರಿಸಲು ನೋಡುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಮರೆಪ್ಪನಿಗೆ ಹಳೆಯ ಜಗಳ ನೆನಪಾಯಿತು.

“ಬಾಯಿ, ನೀವು ಏನೂ ಹೇಳಲಿಲ್ಲಲ್ರಿ. ಅವರು ಹೋಗಿದ್ದು ಖರೇನೋ ಸುಳ್ಳೋ?”

ಇಂದ್ರಾಬಾಯಿ ಬರಿಗಣ್ಣಿನಲ್ಲಿ ಇನ್ನೂ ಮೇಲೆಯೇ ನೋಡುತ್ತಿದ್ದಳು.

“ಹೋಗಿದ್ದು ನಂಬ್ತೀನಿ,” ಎಂದಳು. “ಇಂಥಾ ಜಾಗಾ ಬಿಟ್ಟು ತಿರುಗಿ ಬಂದ್ರು ಅಂತಾರಲ್ಲ, ಅದನ್ನ ನಂಬೂದು ಕಷ್ಟ ಆಗೇದ.”