ಮಾಸ್ತರರ ಹೊಸ ರೇಜರ್

ತನ್ನ ಕೈ ನಡುಗುತ್ತಿದೆಯೇ, ಇಲ್ಲ ಕತ್ತಿಯೇ ಮೊಂಡಾಯಿತೇ? ಇಪ್ಪತ್ತೆರಡು ವರ್ಷ ವಾರಕ್ಕೆರಡು ಸಲ ಗದ್ದ ಒಡ್ಡಿದ ಮಾಸ್ತರರು ಎರಡು ತಿಂಗಳಿಂದ ಅಂಗಡಿಗೆ ಬಂದಿರಲಿಲ್ಲ. ಫಕೀರಪ್ಪ ಕ್ಷೌರದ ಕತ್ತಿಯನ್ನು ಚರ್ಮದ ಪಟ್ಟಿಗೆ ಮಸೆಯುತ್ತ ಅದನ್ನೇ ಯೋಚಿಸುತ್ತಿದ್ದಾಗ ಅವರೇ ಬಾಗಿಲಲ್ಲಿ ನಿಂತಿದ್ದರು.

“ಬರ್ರಿ ಮಾಸ್ತರ, ಕೂಡ್ರಿ. ನನ್ನಿಂದ ಏನರ ತಪ್ಪಾತೇನು?”

“ನಿಂದೇನ್ ತಪ್ಪೋ ಮಾರಾಯಾ! ಮಗಳು ಬಳಸಿ ಬಿಸಾಡೋ ರೇಜರ್ ತಂದುಕೊಟ್ಟಾಳ. ಮನ್ಯಾಗ ಎರಡು ನಿಮಿಷದಾಗ ನಾನೇ ಎಳಕೋತೀನಿ. ನೀನೂ ಆ ಖಡ್ಗಾನ ಮ್ಯೂಸಿಯಮ್ಮಿಗೆ ಕೊಟ್ಟಬಿಡು.”

“ಬ್ಯಾರೆ ಅಂಗಡಿ ಹಿಡದೀರೇನೋ ಅಂದ್ಕೊಂಡಿದ್ದೆ.”

“ನಿನ್ನ ಬಿಟ್ಟು ಬ್ಯಾರೆಯವ್ರ ಕೈಯಾಗ ಕುತ್ತಿಗಿ ಕೊಡ್ತೀನೇನು? ನಿನ್ನಾಣಿಗೂ ಇಲ್ಲ.”

ಫಕೀರಪ್ಪನ ಎದೆ ಹಗುರಾಯಿತು. ಚಹಾ ತರಿಸಿದ. ಕುಡಿದ ಮಾಸ್ತರರು ಹೊರಡಲು ಬೆನ್ನು ತಿರುಗಿಸಿದರು. ಹಿಂಗತ್ತಿನ ಮೇಲೆ, ಕೂದಲ ಅಂಚಿಗೆ, ಕಿವಿಯಿಂದ ಕಿವಿಗೆ ನೂಲು ಹಿಡಿದಷ್ಟು ನೇರವಾದ ಕ್ಷೌರದ ಹೊಸ ಗೆರೆಯಿತ್ತು.

“ಬರ್ತಿರ್ರಿ ಮಾಸ್ತರ,” ಎಂದ ಫಕೀರಪ್ಪ.

ಅಂಥ ಗೆರೆ ಬಿಸಾಡುವ ರೇಜರಿಗೆ ಬರುವುದಿಲ್ಲ, ತನ್ನ ಹಿಂಗತ್ತಿಗೆ ತಾನೇ ಎಳೆದುಕೊಳ್ಳಲೂ ಆಗುವುದಿಲ್ಲ ಎಂದು ಅವನು ಎಂದೂ ಹೇಳಲಿಲ್ಲ.